ಸೊನ್ನದ ಗೆರಿ

…ಇಲ್ಲ್ರಿ ನಿಂಬೆವ್ವಾರ, ಇಲ್ಲ! ಅಲ್ಲೇ ಎಲ್ಲಾರೂ ಎಡವೂದು. ರೇಸಿನಾಗ ಮೊದ್ಲ ಬಂದಾಕಿಗೇ ಹಸಿರಂಗಿ ಅಂತ ಎಲ್ಲೂ ಬರದಿಲ್ರಿ. ಅದು ಬ್ಯಾರೆ, ಇದು ಬ್ಯಾರೆ. ಜರಾ ಸಮಾಧಾನಲೆ ಕೇಳ್ರಿ, ನಾ ಬಿಡಿಸಿ ಹೇಳ್ತೇನಿ. ಅದಕ್ಕಂತಽ ಆಳಂದದಿಂದ ಬಂದೇನಿ ಈ ಬಿಸಲಾಗ.

ಕೈ ನಿಲ್ಲಸಬ್ಯಾಡ್ರಿ. ತೊಗರಿ ಹಸನ ಮಾಡೂದು ಮಾಡ್ರಿ, ಮಾಡ್ರಿ. ಮೊರದ ಸಪ್ಪಳ ಕೇಳಕೋತ ಮಾತಾಡಿದ್ರ ನನಗೂ ಒಂಥರಾ ಧೈರ್ಯ.

ಏನಂದ್ರಿ? …ಏನೂ ಅನ್ನಲಿಲ್ಲ? ಆತು. ನೀವು ಮೊದಲಿಂದ್ಲೂ ಹಿಂಗಽ. ಜಯಮಾಲಾ ಸಾಲ್ಯಾಗ ಏಳನೇತ್ತಾ ಇದ್ದಾಗ ಇದಽ ಪಡಸಾಲ್ಯಾಗ ಕುಂತು, ನಿಮ್ಮ ಹುಡಗೀ ಕಾಲಾಗ ಏನೋ ಅದ, ಸೈಕಲ್ ರೇಸಿಗೆ ಬಿಡ್ರಿ ಅಂತ ಒಂದು ತಾಸು ಬಡಕೊಂಡೆ. ನೀವು ಹೂಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ. ಕಡೀಕ ಒಳಗ ಹೋಗಿ ಆಕಿ ಚಪ್ಪಲ್ ತಂದು ನನ್ನ ಮುಂದ ಇಟ್ಟ್ರಿ. ಕರಕೊಂಡು ಹೋಗ್ರಿ ಅಂತ! ಯಾದ್ ಅದ ಇಲ್ಲೋ? ಹನ್ನೆರಡು ವರ್ಷದಾಗ ಈ ಶ್ರೀರಂಗ ಮಾಸ್ತರನ್ನ ಅಷ್ಟು ನಂಬಿದವ್ರು ಬ್ಯಾರೆ ಯಾರೂ ಇಲ್ಲ ನೋಡ್ರಿ ನರೋಣಾದಾಗ.

ಚಾ ಗೀ ಮಾಡಾಕ ಏಳಬ್ಯಾಡ್ರಿ ಮತ್ತ. ಸಕ್ಕರಿ ಬ್ಯಾನಿ ಅದ ನನಗ. ಗಾಡೀನೂ ತಂದಿಲ್ಲ, ರಿಪೇರಿಗೆ ಬಿಟ್ಟೇನಿ. ಬಸ್ಸಿಗೇ ಬಂದೆ. ಬಸ್ ಇಳದ ಕೂಡ್ಲೇ ಚಾದಂಗಡಿ ಲಾಡ್ಲೆಸಾಬ ಸಿಕ್ಕಿದ್ದ. ‘ಸರ್, ನಿಂಬೆವ್ವನ ಮನ್ಯಾಗಿನವ್ರು ಒಬ್ಬರು ಈಗಽ ಹೊಲಕ್ಕ ಹ್ವಾದ್ರು’ ಅಂದ. ಜಯಾನಽ ಹೋಗಿರಬೇಕು ಅಂದ್ಕೊಂಡೆ. ಛಲೋ ಆತು ಅಂದ್ಕೊಂಡೆ, ಸುಳ್ಳ ಯಾಕ ಹೇಳ್ಲಿ? ಆಕಿ ಮುಂದ ಕುಂತು ಇದನ್ನೆಲ್ಲ ಹೇಳೂದು ನನ್ನ ಕೈಲೆ ಆಗಂಗಿಲ್ಲ. ರೇಸ್ ಮುಗಿದ ಎಂಟು ದಿನದಾಗ ಹದಿನಾಲ್ಕು ಸರ್ತಿ ಫೋನ್ ಮಾಡ್ಯಾಳ. ನಾ ಎತ್ತಲಿಲ್ಲ. ಎತ್ತಿ ಏನಂತ ಹೇಳ್ಲಿ?

ಹಾಂ. ಅಂಗಿ. ಅಂಗಿ ಮಾತು ಬಿಟ್ಟು ಎಲ್ಲಿಗೋ ಹೋದೆ.

ನೋಡ್ರಿ, ರೇಸ್ ಮೂರು ದಿನದ್ದು. ಮೊದಲ್ನೇ ದಿನ ಆಳಂದದಿಂದ ಅಫಜಲಪುರ. ಎರಡನೇ ದಿನ ಅಫಜಲಪುರದಿಂದ ಸೊನ್ನ ಬ್ಯಾರೇಜ್ ಮ್ಯಾಲೆ ಹಾದು ಜೇವರ್ಗಿ. ಮೂರನೇ ದಿನ ಜೇವರ್ಗಿಯಿಂದ ಯಡ್ರಾಮಿಗೆ ಹೋಗಿ ಹೊಳ್ಳಿ ಜೇವರ್ಗಿ. ಮೂರೂ ದಿನದ ವ್ಯಾಳ್ಯಾ ಕೂಡಸಿ ಯಾರಿಗೆ ಕಡಿಮಿ ಹಿಡದದೋ ಆಕಿಗೆ ಹಳದಿ ಅಂಗಿ. ಅದು ವ್ಯಾಳ್ಯಾದ ಆಟ. ಅದರ ಮಾತು ಬಿಡ್ರಿ, ಅದನ್ನ ಬೀದರದ ಹುಡಗಿ ಮೊದಲ್ನೇ ದಿನಾನಽ ಹೊಡಕೊಂಡು ಹೋಗಿದ್ಳು.

ಹಸಿರಂಗಿ ಹಂಗಲ್ಲ. ಅದು ಗಡಿಯಾರ ನೋಡಂಗಿಲ್ಲ. ಯಾರ ಹಿಂದ ಯಾರು ಗೆರಿ ದಾಟಿದ್ರು, ಅಷ್ಟಽ. ಗಾಲಿ ಒಂದು ಬೆರಳು ಮುಂದಿತ್ತೋ? ಮುಂದಽ! ಒಂದು ಫರ್ಲಾಂಗ್ ಮುಂದಿತ್ತೋ? ಅದಕ್ಕೂ ಅಷ್ಟಽ ಅಂಕ. ದಿನದ ಕಡೀ ಗೆರಿಗೆ ಮೊದಲ್ನೇದಾಕಿಗೆ ಹದಿನೈದು, ಎರಡನೇದಾಕಿಗೆ ಹನ್ನೆರಡು, ಆಮ್ಯಾಲ ಹತ್ತು, ಎಂಟು, ಹಿಂಗ ಇಳೀತದ. ಫ್ರಾನ್ಸಿನ ದೊಡ್ಡ ರೇಸಿನಾಗೂ ಹಿಂಗಽ, ಟೀವ್ಯಾಗ ತೋರಸ್ತಾರ. ಅಲ್ಲಿ ಬೈಲ ದಿನ ಅಂಕ ಹೆಚ್ಚ ಕೊಡ್ತಾರ, ಗುಡ್ಡದ ದಿನ ಕಡಿಮಿ. ಯಾಕಂದ್ರ ಈ ಅಂಗಿ ಗುಡ್ಡ ಹತ್ತವ್ರದಲ್ಲ, ಬೈಲಾಗ ಬಾಣ ಬಿಟ್ಟಂಗ ಹೋಗವ್ರದು. ನಿಮ್ಮ ಜಯಾನಂಥವ್ರದು. ನಮ್ಮ ಕಡೆ ಗುಡ್ಡ ಎಲ್ಲಿ ಅದ ಹೇಳ್ರಿ? ಎಲ್ಲಾ ಬೈಲಽ! ಅದಕ್ಕಽ ನಾ ಆಕಿಗೆ ಹೇಳಿದ್ದೆ, ಹಳದಿ ಆಸೆ ಬಿಡು, ಹಸಿರಿಗೆ ಗುದ್ದಾಡು ಅಂತ. ಹಸಿರಂಗಿ ಗೆದ್ದಾಕಿನ್ನ ಪುಣೆಯ ತಂಡದವ್ರು ಕರಕೊಂಡು ಹೋಗ್ತಾರ ಅಂತ ಮೊದಲಽ ಸುದ್ದಿ ಇತ್ತು. ಪಗಾರ ಕೊಟ್ಟು ಸೈಕಲ್ ತುಳಸೂ ತಂಡ. ದೇಶಾ ತಿರಗೂ ತಂಡ.

ಮತ್ತ ನಡುದಾರ್ಯಾಗ ಒಂದು ಗೆರಿ ಇರ್ತದ, ದಿನಕ್ಕೊಂದು. ಅಲ್ಲಿ ರೇಸ್ ಮುಗಿಯಂಗಿಲ್ಲ, ಸುಮ್ಮನ ದಾಟಿ ಹೋಗೂದು. ಆದ್ರ ಮೊದಲ್ನೇದಾಕಿಗೆ ಐದು, ಎರಡನೇದಾಕಿಗೆ ಮೂರು, ಮೂರನೇದಾಕಿಗೆ ಒಂದು. ಸಣ್ಣ ಅಂಕ. ಸಣ್ಣ ಅಂಕ ಅಂತೀವಿ ಖರೆ, ಕಡೀಕ ಅಂಗಿ ಹೊಲಿಯೂದು ಅದಽ.

ಎರಡನೇ ದಿನದ ನಡುದಾರಿ ಗೆರಿ ಸೊನ್ನ ಬ್ಯಾರೇಜಿನ ಹಂತ್ಯಾಕ ಇತ್ತು. ಅಲ್ಲಿ ಜಡ್ಜ್ ಆಗಿ ನಿಂತಾಂವ ನಾನಽ. ಅದು ನಿಮಗ ಗೊತ್ತದ. ಊರಿಗೇ ಗೊತ್ತದ.

ಯಾಕ, ಮೊರ ನಿಂತುಬಿಡ್ತು?

…ಇರ್ಲಿ. ಈಗ ಅಂಕ ಹೇಳ್ತೇನಿ. ಕಲಬುರಗಿ ಮೃಣಾಲಿನಿ, ನಮ್ಮ ಜಿಲ್ಲಾ ತಂಡದಾಕಿನಽ, ಜಯಾನ ಜೋಡಿನಽ ತುಳೀತಿದ್ಳು. ಇಬ್ಬರದೂ ನೀಲಿ ಅಂಗಿ. ಇಬ್ಬರ ನಡುವಽ ಈ ಹಸಿರಿನ ಜಗ್ಗಾಟ. ಎರಡು ದಿನ ಮುಗಿದಾಗ ಮೃಣಾಲಿನಿಗೆ ಮೂವತ್ತೊಂದು, ಜಯಾಗ ಮೂವತ್ತು. ಒಂದಽ ಒಂದು! ಮೂರನೇ ದಿನ ಏನಾತು? ಒಂದು ಅಂಕ ಹಿಂದಿದ್ದೇನಿ ಅಂತ ಜಯಾ ಯಡ್ರಾಮಿಯ ನಡುದಾರಿ ಗೆರಿಗೆ ಜೀವ ಬಿಟ್ಟು ತುಳದ್ಳು. ಐದು ಅಂಕ ಹೊಡದ್ಳು. ಮೃಣಾಲಿನಿ ಆ ಅಂಕಕ್ಕ ಹೋಗಲೇ ಇಲ್ಲ, ಗುಂಪಿನಾಗ ಕುಂತು ಕಾಲು ಉಳಿಸ್ಕೊಂಡ್ಳು. ಹೊಳ್ಳಿ ಜೇವರ್ಗಿಗೆ ಬಂದಾಗ ಜಯಾನ ಕಾಲಾಗ ಏನಿತ್ತು? ಏನೂ ಇರಲಿಲ್ಲ. ಮೃಣಾಲಿನಿ ಮೊದಲ್ನೇದಾಕಿ, ಹದಿನೈದು. ಜಯಾ ಮೂರನೇದಾಕಿ, ಹತ್ತು. ನಲವತ್ತಾರು, ನಲವತ್ತೈದು.

ಒಂದು ಅಂಕ. ಒಂದಽ.

ಹಿಂದಿದ್ದಾಕಿ ಸುಮ್ಮನ ಕೂಡಾಕ ಬರಂಗಿಲ್ರಿ ಈ ಆಟದಾಗ, ಎಲ್ಲಾ ಗೆರಿಗೂ ಓಡಬೇಕು. ಅದಽ ನೋಡ್ರಿ, ಎರಡು ಮೂರು ಅಂಕ ಮುಂದಿದ್ದಿದ್ರ ಆಕಿ ಮೃಣಾಲಿನಿ ಹಿಂದಿನ ಗಾಲಿಗೆ ಅಂಟಿ ಕುಂತ್ರ ಮುಗೀತಿತ್ತು, ಯಡ್ರಾಮ್ಯಾಗ ಹಂಗ ಸಾಯೂ ಜರೂರತ್ತೇ…

ಇರ್ಲಿ. ಮುಂದಿರಲಿಲ್ಲ. ಮುಂದಿದ್ದಿದ್ರ ಅನ್ನೂದು ಯಾಕ.

ಈಗ ಊರಾಗ ಏನೇನೋ ಮಾತು ಹುಟ್ಯಾವ. ಸೊನ್ನದಾಗ ಜಯಾನಽ ಮೊದ್ಲ ದಾಟಿದ್ಳಂತ, ಮಾಸ್ತರ ಕಲಬುರಗಿ ಹುಡಗಿ ಹೆಸರು ಬರಸಿದಾನಂತ. ನಾ ಯಾಕ ಬರಸ್ಲಿ? ಮೃಣಾಲಿನಿ ನನಗೇನು ಸೋದರ ಸೊಸೀನೇ? ಜಯಾಗ ಪೆಡಲ್ ಮ್ಯಾಲ ಕಾಲಿಡೂದು ಕಲಸಿದಾಂವ ನಾನು! ಗೆರಿ ಮ್ಯಾಲ ನಿಂತಿದ್ದೆ, ಕಣ್ಣಾರೆ ನೋಡೇನಿ, ಮೃಣಾಲಿನಿ ಮೊದ್ಲು, ಜಯಾ…

ಯಾಕ ಮೂಗಿನಾಗಽ ನಗ್ತೀರಿ?

ಅಲ್ಲ, ನಗೂವಂಥಾದ್ದು ಏನ್ ಹೇಳ್ದೆ ನಾನು? ಕಣ್ಣಾರೆ ನೋಡೇನಿ ಅಂದ್ರ ನಗ್ತೀರಲ್ರಿ ನಿಂಬೆವ್ವಾರ! ನೀವೇನು ಸೊನ್ನಕ್ಕ ಬಂದಿದ್ರೇನು? ಆಳಂದ ಬಸ್‌ಸ್ಟ್ಯಾಂಡ್ ದಾಟಿದವ್ರಲ್ಲ ನೀವು. ಜಯಾ ಹೇಳಿರಬೇಕು ನಿಮಗ. ಹೇಳ್ಯಾಳ, ಹೌದಿಲ್ಲೋ? ಏನಂತ ಹೇಳ್ಯಾಳ?

…ಸುಮ್ಮನ ಕುಂತ್ರ ನಾ ಏನು ತಿಳಕೋಬೇಕು?

ಜೇವರ್ಗ್ಯಾಗ ಎರಡನೇ ದಿನ ಸಂಜೀಕ ಅಂಕದ ಹಾಳಿ ಹಚ್ಚಿದ್ರಲ್ಲ, ಆಕಿ ಓಡಕೋತ ಬಂದ್ಳು. ಹೆಲ್ಮೆಟ್ಟೂ ತಗದಿರಲಿಲ್ಲ. ‘ಸರ್, ಸೊನ್ನದಾಗ ನಾ ಮೊದ್ಲು ದಾಟೇನ್ರಿ, ಅರ್ಧ ಸೈಕಲ್ ಮುಂದಿದ್ದೇನ್ರಿ’ ಅಂದ್ಳು. ನಾ ಸಮಾಧಾನಲೆ ಹೇಳ್ದೆ, ಇಲ್ಲವಾ, ನಿನಗ ಹಂಗ ಅನಿಸಿರಬೇಕು, ಓಡೂವಾಗ ಹಂಗ ಅನಸ್ತದ, ಅಂತ. ಇಷ್ಟಽ. ಸಮಾಧಾನಲೆ.

…

ಮೊರ ಕೆಳಗ ಇಟ್ಟ್ರೇನು? ಸಪ್ಪಳಾತು.

ಸರಿ. ಸರಿ ತಂಗೆವ್ವಾ. ಸಮಾಧಾನಲೆ ಅಲ್ಲ. ಜರಾ ಜೋರಾಗೇ ಅಂದೆ. ಎಲ್ಲಾರೂ ನಿಂತಿದ್ರು. ಬ್ಯಾರೆ ತಂಡದವ್ರು, ಹುಡುಗೀರ ಅಪ್ಪ ಅವ್ವಂದಿರು, ಪುಣೆಯಿಂದ ಬಂದ ಆ ಮನಶಾನೂ. ಜಡ್ಜಿಗೆ ಎದುರು ಮಾತಾಡ್ತಾಳ ಅಂತ ನನಗ ಸಿಟ್ಟು ಬಂತು. ‘ಸುಳ್ಳ ಹೇಳ್ತಿಯೇನ? ಅಂಕಕ್ಕಂತ ಸುಳ್ಳ ಹೇಳೂದು ನಾ ಕಲಸೇನೇನು ನಿನಗ?’ ಅಂದೆ. ಕೈಯಾಗ ಮೈಕ್ ಇತ್ತು. ಚಾಲೂ ಇತ್ತು ಮೈಕು. ಇಡೀ ಮೈದಾನಕ್ಕ ಕೇಳ್ತು.

ಆಕಿ ಅಳಲಿಲ್ಲ. ಆಮ್ಯಾಲ ಹೆಲ್ಮೆಟ್ ತಗದ್ಳು, ಹೋದ್ಳು. ಮರದಿನ ಯಡ್ರಾಮಿ ದಾರಿ ಹಿಡದ್ಳು, ಒಂದು ಅಂಕ ಹಿಂದ.

ಪುಣೆಯಾಂವ ಆಮ್ಯಾಲ ನನ್ನನ್ನಽ ಕೇಳಿದ. ‘ನಿಮಗ ಎದುರು ಮಾತಾಡಿದ ಆ ನೀಲಿ ಹುಡಗಿ ಕಾಲು ಛಲೋ ಅದಾವ, ನಡತಿ ಹ್ಯಾಂಗ?’ ಅಂತ. ನಾ ಏನೂ ಹೇಳಲಿಲ್ಲ. ಹೇಳಲಿಲ್ಲ ಅಂದ್ರ… ಹೇಳಬೇಕಿತ್ತು, ಹೇಳಲಿಲ್ಲ. ಮೃಣಾಲಿನಿ ನಿನ್ನಿ ಪುಣೆ ರೈಲು ಹತ್ತಿದ್ಳು.

ನಿಮಗ ಹ್ಯಾಂಗ ತಿಳಿಸಲಿ? ಇರ್ರಿ, ತೊಗರಿ ಒಂದು ಹಿಡಿ ಕೊಡ್ರಿ ಇಲ್ಲಿ. ಹಾಂ. ಇಲ್ಲಿ ನೆಲದ ಮ್ಯಾಲ ಇಡ್ತೇನಿ, ಲೆಕ್ಕಾ ಕಣ್ಣೆದುರಿಗೇ ಇರ್ತದ. ಒಂದು, ಎರಡು, ಮೂರು, ನಾಕು, ಐದು. ಇದು ಸೊನ್ನದಾಗ ಮೃಣಾಲಿನಿಗೆ. ಒಂದು, ಎರಡು, ಮೂರು. ಇದು ಜಯಾಗ. ಅಡ್ಡ ಹಚ್ಚಿ ನೋಡಿದ್ರ ಏನಾಗ್ತದ…

ಏನ್ ಮಾಡಾಕತ್ತೀರಿ? ಯಾಕ ಸರಸ್ತೀರಿ ಕಾಳು?

ಈ ಕಡೆ ಮೂರು ಅವ. ಆ ಕಡೆ… ನಾಕು, ಐದು. ಮೃಣಾಲಿನಿ ಕಡೇದು ಎರಡು ತಗದು ಜಯಾನ ಕಡೆ ಹಾಕಿದ್ರಿ. ತಂಗೆವ್ವಾ, ಇದು ನಿಮಗ ಯಾರು ಕಲಸಿದ್ರು? ನಾ ಎಷ್ಟು ಹೇಳಿದ್ರೂ ಮಂದಿ ಇದನ್ನ ಒಮ್ಮಿಗೇ ತಿಳಕೊಳ್ಳಂಗಿಲ್ಲ, ನೀವು… ಹಂಗ ಹಾಕಿದ್ರ ಎರಡನೇ ದಿನದ ಸಂಜೀಕ ಜಯಾ ಮೂವತ್ತೆರಡು, ಮೃಣಾಲಿನಿ ಇಪ್ಪತ್ತೊಂಬತ್ತು. ಮೂರು ಮುಂದ. ಹಂಗ ಹಾಕಿದ್ರ ಕಡೀಕ ನಲವತ್ತೇಳು, ನಲವತ್ನಾಲ್ಕು. ಅಂಗಿ ಜಯಾಂದು. ಆದ್ರ ಹಂಗ ಹಾಕಾಕ ಬರಂಗಿಲ್ಲ. ತಗೀರಿ ಕೈ. ಹೊಳ್ಳಿ ಇಡ್ರಿ ಆ ಕಾಳು. ಕೈ ಯಾಕ ಹಿಡದ್ರಿ? ಬಿಡ್ರಿ…

…

ಈ ಬೆರಳು.

ಈ ತೋರಬೆರಳಿನ ತುದಿ ಎಲ್ಲಿ?

ನಿಂಬೆವ್ವಗ ಬೆರಳು ನೆಟ್ಟಗ ಅದಾವ. ಈ ತುದಿ ಸೈಕಲ್ ಚೈನಿನಾಗ ಹೋತು, ಎಂಟನೇತ್ತಾ ಇದ್ದಾಗ, ನಾನಽ ನನ್ನ ಕರವಸ್ತ್ರ ಸುತ್ತಿ ಆಳಂದ ದವಾಖಾನಿಗೆ ಎತಗೊಂಡು ಓಡಿದ್ದೆ.

ಜಯಾ.

ಜಯಾ, ನೀನೇನು?

ಯಾವಾಗಿಂದ? …ಅಲ್ಲ, ಇದೇನು ಕೇಳ್ತೇನಿ. ಮೊದಲಿಂದ್ಲೂ. ನಾ ಹೊಸ್ತಿಲದಾಗ ನಿಂತು ‘ನಿಂಬೆವ್ವಾರ ಅದೀರೇನ್ರಿ’ ಅಂದಾಗಿಂದ. ತಲಿ ಮ್ಯಾಲ ಸೆರಗು ಅಂತ ತಿಳಕೊಂಡೆ ನಾನು. ಟವೆಲ್ಲೇನು? ತಲಿ ತೊಳಕೊಂಡಿದ್ದೇನು? ಹಂಗಾದ್ರ ಹೊಲಕ್ಕ ಹ್ವಾದಾಕಿ ಅವ್ವ.

ಒಂದು ಮಾತು ಆಡಿದ್ರ ಗುರ್ತ ಹಿಡೀತಿದ್ನಲ್ಲ ಯವ್ವಾ! ಒಂದಽ ಮಾತು! ನಿನ್ನ ದನಿ ನೂರು ಮಂದ್ಯಾಗ ಗುರ್ತ ಹಿಡೀತೇನಿ. ಅದಕ್ಕಽ ಸುಮ್ಮನ ಕುಂತಿ. ಹೌದಿಲ್ಲೋ? ನನ್ನ ಮುಂದ ಎರಡು ಮೊಳ ದೂರ ಕುಂತು, ಈ ಮನಶಾ ನನ್ನನ್ನ ಅವ್ವ ಅಂತ ಕರ್ಯಾಕತ್ತಾನ ಅಂತ… ಎಷ್ಟೊತ್ತಿಗೆ ತಿಳೀತು ನಿನಗ? ಮೊದಲ್ನೇ ಮಾತಿಗೇ ತಿಳದಿರ್ತದ. ನೀ ಶ್ಯಾಣ್ಯಾಕಿ.

ಬಿಡಬ್ಯಾಡ ಕೈ. ಜರಾ ಹಿಡಕೋ.

ಎರಡು ವರ್ಷ ಆತು. ಸಕ್ಕರಿ ಕಣ್ಣಿಗೆ ಇಳದದ ಅಂದ್ರು ಕಲಬುರಗ್ಯಾಗ ಡಾಕ್ಟರು. ಸೂಜಿ ಹಾಕಿದ್ರು, ಮತ್ತ ಹಾಕಿದ್ರು. ನೆಟ್ಟಗ ನೋಡಿದ್ರ ನಡುವ ಕರ್ರಗ ಒಂದು ಕಲಿ, ಅಂಗೈಯಷ್ಟು. ಅಂಚು ಅಷ್ಟಽ ಉಳದದ. ಆಕಾರ ತಿಳೀತದ, ಬಣ್ಣ ತಿಳೀತದ, ಮಾರಿ ತಿಳಿಯಂಗಿಲ್ಲ. ಮನ್ಯಾಗ ಹೆಂಡ್ತಿ ಮಥುರಾಬಾಯಿಗೂ ಹೇಳಿಲ್ಲ. ಗಾಡಿ ರಿಪೇರಿಗಲ್ಲ, ಮನೀ ಮುಂದ ನಿಂತದ, ಧೂಳು ಕುಂತದ. ಆಕಿ ಕೇಳ್ತಾಳ, ಪೆಟ್ರೋಲ್ ತುಟ್ಟಿ ಆಗ್ಯದ ಅಂತೇನಿ. ಸಾಲ್ಯಾಗ ಗೊತ್ತಾದ್ರ ಏನ್ ಮಾಡ್ತಾರ? ಪಿ.ಟಿ. ಮಾಸ್ತರಗ ಕಣ್ಣಿಲ್ಲ ಅಂದ್ರ ಮೈದಾನದಾಗ ಯಾರು ನಿಲ್ಲಸ್ತಾರ? ಒಂದು ಕೋಣ್ಯಾಗ ಹಾಜರಿ ಪುಸ್ತಕ ಕಾಯಾಕ ಕೂಡಸ್ತಾರ. ಮೂವತ್ತು ವರ್ಷ ಸೀಟಿ ಊದಿದಾಂವ ನಾನು.

ಅದಕ್ಕಽ ರೇಸಿನ ಸಮಿತಿಯವ್ರು ‘ಸರ್, ಸೊನ್ನದಾಗ ನೀವಽ ನಿಲ್ಲಬೇಕು’ ಅಂದಾಗ ಇಲ್ಲ ಅನ್ನಲಿಲ್ಲ. ಇಲ್ಲ ಅಂದ್ರ ಯಾಕ ಅಂತ ಕೇಳ್ತಾರ.

ಬಿಸಲು ಭಾಳ ಇತ್ತು ಜಯಾ ಅವತ್ತು. ಬ್ಯಾರೇಜಿನ ನೀರಿಂದ ಬೆಳಕು ಎದ್ದು ಎದ್ದು ಹೊಡೀತಿತ್ತು. ಗೆರಿ ನನ್ನ ಕಾಲಾಗಽ ಇತ್ತು, ಸುಣ್ಣದ ಗೆರಿ, ಅದೂ ಸರಿಯಾಗಿ ತಿಳೀವಲ್ದು. ನಡುದಾರಿ ಗೆರಿಗೆ ಕ್ಯಾಮೆರಾ ಇರಂಗಿಲ್ಲ, ಜಡ್ಜಿನ ಮಾತಽ ಕಡೀ ಮಾತು. ಗಾಲಿ ಸಪ್ಪಳ ಬಂತು. ನೀಲಿ ಬಂತು, ಹಿಂದಽ ನೀಲಿ ಬಂತು, ಹೋತು. ಅಷ್ಟಽ. ಎರಡು ನೀಲಿ. ಮೃಣಾಲಿನಿ ಕಾಲೇಜಿನ ಹುಡುಗೀರು ಅಲ್ಲಿ ನಿಂತು ‘ಮೃಣಾಲಿನೀ, ಮೃಣಾಲಿನೀ’ ಅಂತ ಒದರಾಕತ್ತಿದ್ರು. ನರೋಣಾದಿಂದ ನಿನ್ನ ಹೆಸರು ಒದರಾಕ ಯಾರ ಬಂದಿದ್ರು? ಯಾರೂ ಇರಲಿಲ್ಲ. ನಾ ಒದರೂದು ಕೇಳಿ ಬರಸಿದೆ.

ಬರಕೊಳ್ಳಾವ ಖಲೀಲ. ‘ಸರ್, ಮುಂದ ಜಯಮಾಲಾ ಇದ್ದಂಗ ಕಂಡ್ಳು’ ಅಂದ ಆಂವ. ‘ಜಡ್ಜ್ ನೀನೋ ನಾನೋ?’ ಅಂದೆ. ಸುಮ್ಮನ ಬರಕೊಂಡ.

ಸಂಜೀಕ ನೀ ಓಡಕೋತ ಬಂದಾಗ ನನಗ ಗೊತ್ತಿತ್ತು. ಅದಕ್ಕಽ ಅಷ್ಟು ಸಿಟ್ಟು ಬಂತು. ನೀ ಸುಳ್ಳ ಹೇಳಾಕಿ ಅಲ್ಲ ಅಂತ ಗೊತ್ತಿದ್ದಽ ಸುಳ್ಳಿ ಅಂದೆ ನಾ ನಿನ್ನ. ಅರ್ಧ ತಾಸಿನಾಗ ತಕರಾರು ಕೊಟ್ರ ಹಾಳಿ ತಿದ್ದಾಕ ಬರ್ತದ ಅಂತ ನಿಯಮ. ಆ ಅರ್ಧ ತಾಸು ನಾ ಮೈಕ್ ಹಿಡಕೊಂಡು ನಿಂತಿದ್ದೆ. ಒಂದು ಮಾತು ಅಂದಿದ್ರ ಮುಗೀತಿತ್ತು.

ಈಗ ಏನೂ ಆಗಂಗಿಲ್ಲ. ಸಹಿ ಬಿದ್ದಾವ. ಅಂಗಿ ಹೋಗ್ಯದ, ಪುಣೆ ಹೋಗ್ಯದ. ಇಲ್ಲಿ ಯಾಕ ಬಂದೆ ಅಂದ್ರ ನನಗಽ ಗೊತ್ತಿಲ್ಲ. ಅವ್ವಗ ಲೆಕ್ಕಾ ಹೇಳಿ ಒಪ್ಪಿಸಿದ್ರ ಅವ್ವ ನಿನ್ನ ಒಪ್ಪಸ್ತಾಳ, ನಿನ್ನ ಫೋನ್ ನಿಲ್ತಾವ, ನನಗ ನಿದ್ದಿ ಬರ್ತದ ಅಂತ ಬಂದಿರಬೇಕು. ಹಂಗಽ. ಅಷ್ಟು ಸಣ್ಣವ ಆಗೇನಿ ನಾನು.

ಏನರ ಅನ್ನವ್ವಾ. ಬಯ್ಯಿ. ‘ಹೊರಗ ನಡೀರಿ ಸರ್’ ಅನ್ನು, ಹೋಗ್ತೇನಿ.

…

ಕೈ ಬಿಟ್ಟಿ.

ಎಲ್ಲಿ ಎದ್ದಿ? ಜಯಾ? …ಹಾಂ, ಬಂದಿ. ಏನಿದು? ಹಾಳಿ. ಪೆನ್ನು. ನಿನ್ನ ನೋಟಬುಕ್ಕೇನು? ನನ್ನ ಕೈಯಾಗ ಯಾಕ ಕೊಟ್ಟಿ…

ತಿಳೀತು. ತಿಳೀತು ಬಿಡು.

ಆದ್ರ ನನ್ನ ಕೈಲೆ ಬರಿಯಾಕ ಬರಂಗಿಲ್ಲ ಈಗ. ಸಾಲು ಸಾಲಿನ ಮ್ಯಾಲ ಹತ್ತಿ ಕೂಡ್ತದ. ತಗೋ. ನೀನಽ ಬರಿ, ನಾ ಹೇಳ್ತೇನಿ, ಕೆಳಗ ಸಹಿ ಮಾಡ್ತೇನಿ. ಸಹಿ ಕೈಗೆ ರೂಢಿ ಅದ. ಸಮಿತಿಗೆ ಒಂದು, ಪುಣೆಯವ್ರಿಗೆ ಒಂದು. ಅಂಗಿ ಹೊಳ್ಳಿ ಬರಂಗಿಲ್ಲ. ನೀ ಸುಳ್ಳಿ ಅಲ್ಲ ಅಂತ ಅಷ್ಟರ… ಸಾಲ್ಯಾಗೂ ಓದ್ಲಿ. ಮಥುರಾಬಾಯಿನೂ ಓದ್ಲಿ.

ಬರಿ. ‘ಮಾನ್ಯರೇ, ಸೊನ್ನದ ಗೆರಿ ದಾಟಿದಾಗ ತಾನೇ ಮೊದಲಿದ್ದೆ ಎಂದು ಜಯಮಾಲಾ ಹೇಳಿದ ಮಾತೇ ನಿಜ. ಅಲ್ಲಿ ನಿಂತಿದ್ದ ನಾನು ಯಾರನ್ನೂ ನೋಡಲಿಲ್ಲ.’

ಬರದಿಯೇನು?

…ಜಯಾ?

ಪೆನ್ನಿನ ಸಪ್ಪಳ ಬರವಲ್ದು. ಬರಿಯಾಕತ್ತಿಯೋ, ಸುಮ್ಮನ ನನ್ನ ಮಾರಿ ನೋಡಕೋತ ಕುಂತಿಯೋ? ಅಷ್ಟರ ಹೇಳು ಯವ್ವಾ. ಹೂಂ ಅನ್ನು, ಇಲ್ಲ ಅನ್ನು.

ನನಗ ಕಾಣಂಗಿಲ್ಲ.